ಇಂದು ಗೆದ್ದ ಬಿಲ್ಡ್ ನಾಳೆಯೂ ಗೆಲ್ಲಬೇಕಾದರೆ

ರೌಟರ್, ಕಾರ್ಖಾನೆಯ ನಿಯಂತ್ರಕ, ಟಿಕೆಟ್ ಯಂತ್ರದಂಥ ಉಪಕರಣಗಳಿಗೆ ಬೇಕಾದ ಲಿನಕ್ಸ್ ಅನ್ನು ಸೋರ್ಸ್ ಕೋಡ್‌ನಿಂದ ಕಟ್ಟಿಕೊಡುವ ಸಾಧನ ಬಿಲ್ಡ್‌ರೂಟ್. ಯುಸಿಲಿಬ್‌ಸಿ ಎಂಬ ಸಿ ಲೈಬ್ರರಿಯ ಬಳಗ ತನ್ನ ಲೈಬ್ರರಿಯನ್ನು ಪರೀಕ್ಷಿಸಿಕೊಳ್ಳಲು ಇದನ್ನು ಶುರುಮಾಡಿತು. ವರ್ಷಗಟ್ಟಲೆ ಇದಕ್ಕೆ ಅಧಿಕೃತ ಬಿಡುಗಡೆಯೇ ಇರಲಿಲ್ಲ. 2009ರಲ್ಲಿ ಪೀಟರ್ ಕೊರ್ಸ್‌ಗಾರ್ಡ್ ಹೊಣೆ ಹೊತ್ತ ಮೇಲೆ ಮೂರು ತಿಂಗಳಿಗೊಂದು ಬಿಡುಗಡೆ ಎಂಬ ಶಿಸ್ತು ಬಂತು. ಹಾಗೆ ಹೊರಬಂದದ್ದನ್ನು ಜನ ನಂಬುವಂತೆ ಮಾಡಿದವರಲ್ಲಿ ಫ್ರಾನ್ಸಿನ ಥಾಮಸ್ ಪೆಟಾಜೋನಿ ಮುಖ್ಯರು.

ಅವರ ಕೆಲಸದಲ್ಲಿ ಅತಿ ಬೆಲೆಯುಳ್ಳದ್ದು ಆಟೋಬಿಲ್ಡರ್. ಹಲವು ಯಂತ್ರಗಳು ಹಗಲೂ ರಾತ್ರಿ ಕುರುಡು ಆಯ್ಕೆ ಮಾಡುತ್ತವೆ: ಯಾವುದೋ ಪ್ರೊಸೆಸರ್, ಯಾವುದೋ ಟೂಲ್‌ಚೈನ್ (ಕಂಪೈಲರ್ ಮತ್ತು ಅದರ ಜೊತೆಗಾರ ಸಲಕರಣೆಗಳು), ಕೈಗೆ ಸಿಕ್ಕ ಪ್ಯಾಕೇಜುಗಳು. ಥ್ರೆಡ್ ಬೆಂಬಲವಿಲ್ಲದ ಟೂಲ್‌ಚೈನ್‌ನಲ್ಲಿ ಒಂದು ಆಡಿಯೊ ಲೈಬ್ರರಿ ಕಂಪೈಲ್ ಆಗುತ್ತದೆಯೇ ಎಂದು ಯಾವ ಮನುಷ್ಯನೂ ಕೂತು ನೋಡುವುದಿಲ್ಲ. ಈ ಯಂತ್ರಗಳು ನೋಡುತ್ತವೆ. ಬಿಲ್ಡ್ ಸೋತರೆ ಲಾಗ್ ಜೊತೆಗೆ ಕಾನ್ಫಿಗರೇಷನ್ನೂ ಉಳಿಯುತ್ತದೆ, ಹಾಗಾಗಿ ಯಾರು ಬೇಕಾದರೂ ಅದೇ ಸೋಲನ್ನು ತಮ್ಮ ಮೇಜಿನ ಮೇಲೆ ಮರಳಿ ಕಾಣಬಹುದು. ಸೋತ ಬಿಲ್ಡ್‌ಗಳ ಪಟ್ಟಿ ದಿನವೂ ಮೇಲ್‌ನಲ್ಲಿ ಬರುತ್ತದೆ. 2016ರಲ್ಲಿ ಯಾವ ಪ್ಯಾಕೇಜಿಗೆ ಯಾರು ಹೊಣೆ ಎಂದು ಹೇಳುವ ಒಂದು ಸರಳ ಫೈಲ್ ಸೇರಿತು. ಆಮೇಲೆ ದೂರು ನೇರ ಹೊಣೆಗಾರರನ್ನೇ ತಲುಪತೊಡಗಿತು.

ಆದರೆ ಆಟೋಬಿಲ್ಡರ್ ಹೇಳುವುದು ಕಟ್ಟಿತೇ ಇಲ್ಲವೇ ಎಂಬುದನ್ನಷ್ಟೇ. ಕಟ್ಟಿದ್ದು ಬೂಟ್ ಆಗುತ್ತದೆಯೇ? ಕ್ಯೂಎಮು ಎಮ್ಯುಲೇಟರ್‌ನಲ್ಲಿ ಓಡಿಸಿ ನೋಡುವ ಪರೀಕ್ಷೆಗಳು ಸೇರಿದ್ದು 2017ರಲ್ಲಿ. ತಡವಾಯಿತೆಂದೇ ಹೇಳಬೇಕು.

ಇನ್ನೂ ಆಳದ ತೊಡಕು ಹಂಚಿಕೆಯ ಡೈರೆಕ್ಟರಿಯದು. ಎಲ್ಲ ಪ್ಯಾಕೇಜುಗಳೂ ಒಂದೇ ಜಾಗದಲ್ಲಿ ಇನ್‌ಸ್ಟಾಲ್ ಆಗುತ್ತಿದ್ದವು. ಒಂದು ಪ್ಯಾಕೇಜಿನ ಕಾನ್ಫಿಗರ್ ಸ್ಕ್ರಿಪ್ಟ್ ಓಪನ್‌ಎಸ್‌ಎಸ್‌ಎಲ್ ಎಂಬ ಲೈಬ್ರರಿಯನ್ನು ಹುಡುಕುತ್ತದೆ ಎನ್ನಿ. ತನ್ನ ಅವಲಂಬನೆಗಳ ಪಟ್ಟಿಯಲ್ಲಿ ಅದರ ಹೆಸರಿಲ್ಲದಿದ್ದರೂ, ಅದು ಮೊದಲೇ ಕಟ್ಟಿಯಾಗಿದ್ದರೆ ಸದ್ದಿಲ್ಲದೆ ಬಳಸಿಕೊಳ್ಳುತ್ತದೆ. ಪ್ಯಾಕೇಜುಗಳನ್ನು ಅಕಾರಾದಿಯಾಗಿ ಒಂದಾದ ಮೇಲೊಂದು ಕಟ್ಟುತ್ತಿದ್ದು, ಕ್ರಮ ಪ್ರತಿ ಸಲವೂ ಒಂದೇ ಆಗಿದ್ದುದರಿಂದ ಈ ದೋಷ ಮುಚ್ಚಿಹೋಗಿತ್ತು. ಏಕಕಾಲಕ್ಕೆ ಹಲವನ್ನು ಕಟ್ಟಲು ಹೊರಟರೆ ಇಂದು ಗೆದ್ದದ್ದು ನಾಳೆ ಸೋಲಬಹುದು.

ಪೆಟಾಜೋನಿ 2017ರಲ್ಲಿ ಮುಂದಿಟ್ಟ ಪರಿಹಾರ, ಪ್ರತಿ ಪ್ಯಾಕೇಜಿಗೂ ಅದರದೇ ಡೈರೆಕ್ಟರಿ. ಘೋಷಿಸಿದ ಅವಲಂಬನೆಗಳಷ್ಟೇ ಅದರೊಳಗೆ. ಇದು ಪೂರ್ತಿ ಹೊಸ ವಿಚಾರವಲ್ಲ. ಇದೇ ಬಗೆಯ ಇನ್ನೊಂದು ಸಾಧನವಾದ ಯೊಕ್ಟೊ ಅದೇ ವರ್ಷ ತನ್ನ 2.3 ಬಿಡುಗಡೆಯಲ್ಲಿ ಇಂಥದೇ ದಾರಿ ಹಿಡಿದಿತ್ತು. ಆದರೂ ಸರಳತೆಯನ್ನೇ ಹೆಮ್ಮೆಯಾಗಿ ಉಳಿಸಿಕೊಂಡ ಬಿಲ್ಡ್‌ರೂಟ್‌ನ ಮೇಕ್‌ಫೈಲ್‌ಗಳ ಒಳಗೆ ಇದನ್ನು ಕೂರಿಸುವುದು ತಾಳ್ಮೆಯ ಕೆಲಸ. ಪರಿಷ್ಕಾರದ ಮೇಲೆ ಪರಿಷ್ಕಾರ ಕಂಡು, ‘ಪ್ರಾಯೋಗಿಕ’ ಎಂಬ ಹಣೆಪಟ್ಟಿಯೊಂದಿಗೆ ಅದು 2020.02 ಬಿಡುಗಡೆಯಲ್ಲಿ ಹೊರಬಂತು.

ಆ ಹಣೆಪಟ್ಟಿ ಪ್ರಾಮಾಣಿಕವಾದದ್ದು. ಜಾಗ ಉಳಿಸಲು ಫೈಲ್‌ಗಳನ್ನು ನಕಲು ಮಾಡದೆ ಹಾರ್ಡ್ ಲಿಂಕ್ (ಒಂದೇ ಫೈಲಿಗೆ ಇನ್ನೊಂದು ಹೆಸರು) ಮಾಡಲಾಗುತ್ತದೆ. ಯಾವುದಾದರೂ ಪ್ಯಾಕೇಜು ಅಂಥ ಫೈಲನ್ನು ಇದ್ದಲ್ಲೇ ತಿದ್ದಿದರೆ ಆ ತಿದ್ದುಪಡಿ ಉಳಿದವುಗಳ ಡೈರೆಕ್ಟರಿಗೂ ನುಸುಳುತ್ತದೆ. ಯಾವುದನ್ನು ತಡೆಯಲು ಗೋಡೆ ಕಟ್ಟಿದರೋ ಅದೇ ಸೋರಿಕೆ ಗೋಡೆಯ ಬುಡದಲ್ಲಿ ಮತ್ತೆ ಕಾಣಿಸಿಕೊಳ್ಳುತ್ತದೆ.