ಮೂವತ್ತರಲ್ಲಿ ಬರೆದ ಐವತ್ತರ ಮುಖ

ಹಾಸ್ಯಸಾಹಿತ್ಯವನ್ನು ಕುರಿತು ನಮ್ಮಲ್ಲಿ ನಡೆದಷ್ಟು ವಿಮರ್ಶೆ ಹಾಸ್ಯಚಿತ್ರವನ್ನು ಕುರಿತು ನಡೆದಿಲ್ಲ. 'ಕೊರವಂಜಿ'ಯ ಹೆಸರೆತ್ತಿದೊಡನೆ ರಾಶಿಯವರ ಬರಹ ನೆನಪಾಗುತ್ತದೆ. ಅದರ ಪುಟಗಳಲ್ಲಿದ್ದ ಚಿತ್ರಗಳು ನೆನಪಿಗೆ ಬರುವುದು ಅನಂತರ. ವೈದ್ಯರಾಗಿದ್ದ ಡಾ. ಎಂ. ಶಿವರಾಂ 1942ರಲ್ಲಿ ಆರಂಭಿಸಿದ ಆ ಪತ್ರಿಕೆಗೆ ಚಿತ್ರ ಬರೆದವರಲ್ಲಿ ಮೈಸೂರಿನ ಆರ್.ಕೆ. ಲಕ್ಷ್ಮಣ್ ಒಬ್ಬರು. ಮುಂದೆ ಅವರು ಮುಂಬಯಿಯಲ್ಲಿ ಸೃಷ್ಟಿಸಿದ 'ಶ್ರೀಸಾಮಾನ್ಯ'ನನ್ನು ರಾಜಕೀಯದ ಮೂಕಸಾಕ್ಷಿಯೆಂದೇ ಎಲ್ಲರೂ ಓದುತ್ತಾರೆ. ನಡುವಯಸ್ಸಿನ ಚಿತ್ರವೆಂದು ಓದಿದರೆ ಬೇರೆ ಕೆಲವು ಸಂಗತಿಗಳು ಕಾಣುತ್ತವೆ.

ಲಕ್ಷ್ಮಣ್ ಹುಟ್ಟಿದ್ದು 1921ರಲ್ಲಿ. ಅವರ ದಿನನಿತ್ಯದ ಚಿತ್ರಮಾಲೆ ಆರಂಭವಾದದ್ದು 1951ರಲ್ಲಿ. ಮೂವತ್ತರ ತರುಣ ಬೋಳುತಲೆ, ಕಿವಿಯ ಮೇಲೆ ಎರಡು ಬಿಳಿಗೂದಲ ಕುಚ್ಚು, ಕನ್ನಡಕ, ಪೊದೆಮೀಸೆ, ಚೌಕಳಿ ಕೋಟು, ಪಂಚೆಗಳ ಒಬ್ಬ ಮನುಷ್ಯನನ್ನು ಆರಿಸಿಕೊಂಡ. ಮೊದಮೊದಲು ಬಂಗಾಳಿ, ಪಂಜಾಬಿ, ತಮಿಳ ಎಂದು ಹಲವು ಪ್ರಾಂತದವರನ್ನು ಚಿತ್ರದಲ್ಲಿ ತುಂಬಿ, ಗಡುವಿನ ಒತ್ತಡದಲ್ಲಿ ಒಬ್ಬೊಬ್ಬರನ್ನೇ ಕೈಬಿಟ್ಟು, ಕೊನೆಗೆ ಉಳಿದವನು ಇವನು. ಪ್ರಾಂತದ ಗುರುತುಗಳೆಲ್ಲ ಕಳಚಿದ ಮೇಲೆ ಎಲ್ಲರಿಗೂ ಸಮಾನವಾಗಿ ಉಳಿದುದು ವಯಸ್ಸು. ಅವನ ಜನಪ್ರಿಯತೆಗೆ ಇದೂ ಒಂದು ಕಾರಣವೆಂದು ನನ್ನ ಎಣಿಕೆ.

ನಮ್ಮ ಸೀಮೆಯವರಿಗೆ ಅವನಲ್ಲಿ ಮತ್ತೊಂದು ಸಲಿಗೆಯುಂಟು. ಲಕ್ಷ್ಮಣರ ಮನೆಮಾತು ತಮಿಳು, ಊರಮಾತು ಕನ್ನಡ; ನಮ್ಮದು ಇದರ ತಿರುವುಮುರುವು. (ಅವರ ಅಣ್ಣ ಆರ್.ಕೆ. ನಾರಾಯಣ್ 1933ರಲ್ಲಿ ರಾಜಂ ಅವರನ್ನು ಕಂಡು ಮೆಚ್ಚಿದ್ದು ಕೊಯಮತ್ತೂರಿನಲ್ಲಿ, ಅಕ್ಕನ ಮನೆಗೆ ಬಂದಿದ್ದಾಗ.) ಮಗ್ಗದ ಮುಂದೆ ಕನ್ನಡವಾಡುವ ಎಷ್ಟೋ ದೇವಾಂಗರ ಮನೆಗಳಲ್ಲಿ ಮಕ್ಕಳು ಕಲಿತ ಲಿಪಿ ತಮಿಳು. ಈ ಸಂಚಿಕೆಯನ್ನೇ ಓದಲಾರದವರು ನಮ್ಮ ಮನೆಗಳಲ್ಲಿದ್ದಾರೆ. ಅಂಥವರಿಗೂ ಮಾತಾಡದ ಮನುಷ್ಯ ಅರ್ಥವಾಗುತ್ತಾನೆ. ಆದುದರಿಂದ ಚಿತ್ರವನ್ನು ಕುರಿತ ವಿಮರ್ಶೆ ನಮಗೆ ಬರಿಯ ವಿನೋದದ ವಿಷಯವಲ್ಲ.

ಆದರೆ ಒಂದು ಆಕ್ಷೇಪವಿದೆ. ಅರ್ಧ ಶತಮಾನ ಕಳೆದರೂ ಶ್ರೀಸಾಮಾನ್ಯನಿಗೆ ವಯಸ್ಸಾಗಲಿಲ್ಲ. ಬರೆದವರು ಅವನ ವಯಸ್ಸನ್ನು ಮುಟ್ಟಿ ದಾಟಿದರು. ಅವನು ಇದ್ದಲ್ಲೇ ಇದ್ದ. ನಡುವಯಸ್ಸಿನ ನಗುವಾದರೋ ಇರುವುದು ಬದಲಾವಣೆಯಲ್ಲಿ. ಹರಿದ ಎಳೆಯನ್ನು ಗಂಟಿಕ್ಕಲು ನೇಕಾರನಿಗೆ ಕನ್ನಡಕ ಬೇಕಾದ ದಿನ, ತಿರುಪ್ಪೂರಿನ ಬನಿಯನ್ ಕಂಪನಿಯಲ್ಲಿ ಸೂಜಿಗೆ ದಾರ ಪೋಣಿಸಲು ಟೈಲರ್ ಪಕ್ಕದ ಹುಡುಗನನ್ನು ಕರೆದ ದಿನ, ಆ ಮೊದಲ ಅಚ್ಚರಿ, ಅದನ್ನು ಮುಚ್ಚಿಡುವ ಜಾಣತನ ಇಲ್ಲಿಲ್ಲ. ಅವನ ಹೆಂಡತಿ ಅವನ ಪಾಲಿನ ಮಾತನ್ನೂ ತಾನೇ ಆಡುತ್ತಾಳೆ. ಆದರೆ ವಯಸ್ಸು ಅವಳಿಗೇನು ಮಾಡಿತೆಂದು ಲಕ್ಷ್ಮಣ್ ಕೇಳಲಿಲ್ಲ.

ಆ ಕಡೆಯಿಂದ ನೋಡಿದವರು ಬೆಂಗಳೂರಿನ ಮಾಯಾ ಕಾಮತ್ (1951–2001). ರಾಜಕೀಯ ಚಿತ್ರಗಳಿಗೆ ಬರುವ ಮುನ್ನ 'ಗೀತಾ' ಎಂಬ ಚಿತ್ರಮಾಲೆಯಲ್ಲಿ ಅವರು ಸಂಸಾರವನ್ನೇ ವಸ್ತುವಾಗಿಸಿಕೊಂಡರು. ಹೆಂಗಸರು ವಿರಳವಾಗಿದ್ದ ಕ್ಷೇತ್ರದಲ್ಲಿ, ನಗೆಗೆ ಗುರಿಯಾಗುತ್ತಿದ್ದ ಗೃಹಿಣಿ ಇಲ್ಲಿ ನಗುವವಳಾದಳು. ಲಕ್ಷ್ಮಣರ ಗೆರೆಯ ಬನಿ ದೊಡ್ಡದು, ಸಂಶಯವಿಲ್ಲ. ಆದರೆ ಬದುಕನ್ನು ಒಳಗಿನಿಂದ ಕಂಡು ನಗುವ ಧೈರ್ಯ ಮಾಯಾ ಅವರದೆಂದೇ ನನ್ನ ತೀರ್ಮಾನ. ಐವತ್ತು ತುಂಬಿದ ವರ್ಷವೇ ಅವರು ತೀರಿಕೊಂಡದ್ದು ಕನ್ನಡನಾಡಿನ ನಗೆಗೆ ಆದ ನಷ್ಟ.

ಸಂಘಗಳ ಸಮಾರಂಭಗಳಲ್ಲಿ ಚಿತ್ರಸ್ಪರ್ಧೆಯೆಂದರೆ ಅದು ಮಕ್ಕಳಿಗೇ ಮೀಸಲು. ಮುಂದಿನ ಸಮ್ಮೇಳನದಲ್ಲಿ ನಲವತ್ತು ದಾಟಿದವರಿಗೂ ಒಂದಿರಲಿ. ಲಿಪಿ ಬಾರದವರೂ ಭಾಗವಹಿಸಬಹುದು. ನಿಬಂಧನೆ ಒಂದೇ, ಬರೆಯುವವರು ತಮ್ಮ ಮುಖವನ್ನೇ ಬರೆಯಬೇಕು, ನೆರೆಮನೆಯವರದನ್ನಲ್ಲ.