ಐದು ಸೆಂಟಿನ ಗೂಡಂಗಡಿ

ಅಮೆರಿಕದ ಸಿಯಾಟಲ್ ನಗರದ ಬ್ಯಾಲಾರ್ಡ್‌ನಲ್ಲಿ ಪ್ರತಿ ಭಾನುವಾರ ರೈತರ ಸಂತೆ ಸೇರುತ್ತದೆ. 2009ರಲ್ಲಿ ಹಣ್ಣು, ತರಕಾರಿ ಮಾರುವವರ ನಡುವೆ ಅಲ್ಲೊಂದು ವಿಚಿತ್ರ ಗೂಡಂಗಡಿ ಬಂತು. ಬೋರ್ಡಿನ ಮೇಲೆ ಇದ್ದದ್ದು ಇಷ್ಟೇ: ಆರ್ಕಿಟೆಕ್ಚರ್, 5 ಸೆಂಟ್. ಒಳಗೆ ಕೂತಿದ್ದ ಜಾನ್ ಮೋರ್‌ಫೀಲ್ಡ್ ಎಂಬ ಯುವಕ ಆರ್ಥಿಕ ಕುಸಿತದ ಹೊಡೆತಕ್ಕೆ ಎರಡು ಸಲ ಕೆಲಸ ಕಳೆದುಕೊಂಡಿದ್ದ. ಮನೆಯ ಬಗ್ಗೆ ಯಾರು ಏನು ಕೇಳಿದರೂ ಐದು ಸೆಂಟಿಗೆ ಸಲಹೆ ಕೊಡುತ್ತಿದ್ದ. ಆ ಚಿಲ್ಲರೆಯೂ ಅವನ ಜೇಬಿಗೆ ಹೋಗುತ್ತಿರಲಿಲ್ಲ. ಬಡವರಿಗೆ ದಿನಸಿ ಹಂಚುವ ಸ್ಥಳೀಯ ಸಂಸ್ಥೆಗೆ ಸೇರುತ್ತಿತ್ತು.

ಪತ್ರಿಕೆಗಳಿಗೆ ಇದಕ್ಕಿಂತ ಒಳ್ಳೆಯ ಸುದ್ದಿ ಬೇಕಿರಲಿಲ್ಲ. ಕಷ್ಟ, ಜಾಣತನ, ಫೋಟೊಗೆ ಹೇಳಿ ಮಾಡಿಸಿದಂಥ ಬೋರ್ಡು, ಎಲ್ಲವೂ ಒಂದೇ ಕಡೆ. ಅಂದಿನಿಂದ ಇಂದಿನವರೆಗೆ ಕೆಲಸ ಸಿಗದ ಯುವ ಆರ್ಕಿಟೆಕ್ಟರಿಗೆ ಬುದ್ಧಿ ಹೇಳುವವರೆಲ್ಲ ಈ ಕಥೆಯನ್ನು ಎತ್ತಿಕೊಳ್ಳುತ್ತಾರೆ. ಆದರೆ ಅದು ಹೊಗಳಿಕೆಗೆ ಅರ್ಹವಾಗಿರುವ ಕಾರಣವೇ ಬೇರೆ, ಹೊಗಳುತ್ತಿರುವ ಕಾರಣವೇ ಬೇರೆ.

ಮೊದಲು ಕಾಲದ ಮಾತು. ಆರ್ಥಿಕತೆ ಕುಸಿದಾಗ ಎಲ್ಲರಿಗಿಂತ ಮೊದಲು ಪೆಟ್ಟು ತಿನ್ನುವವರಲ್ಲಿ ನಕ್ಷೆ ಬರೆಯುವವರೂ ಇರುತ್ತಾರೆ. ಅರ್ಧ ಎದ್ದ ಕಟ್ಟಡವನ್ನು ಹೇಗೋ ಮುಗಿಸುತ್ತಾರೆ. ಇನ್ನೂ ಕಾಗದದ ಮೇಲಿರುವುದನ್ನು ನಿಲ್ಲಿಸಲು ಬ್ಯಾಂಕಿನ ಒಂದು ಪತ್ರ ಸಾಕು. ಜಾರ್ಜ್‌ಟೌನ್ ವಿಶ್ವವಿದ್ಯಾಲಯದ ಕೇಂದ್ರವೊಂದು 2012ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಆಗಷ್ಟೇ ಪದವಿ ಮುಗಿಸಿ ಬಂದವರ ಪೈಕಿ ನಿರುದ್ಯೋಗ ಅತಿ ಹೆಚ್ಚು ಇದ್ದದ್ದು ಆರ್ಕಿಟೆಕ್ಚರ್ ಓದಿದವರಲ್ಲಿ: ಶೇ 13.9. ಇಂಥ ಕಾಲದಲ್ಲಿ ಪೋರ್ಟ್‌ಫೋಲಿಯೊ ತಿದ್ದಿ ತಿದ್ದಿ ಐವತ್ತು ಆಫೀಸುಗಳಿಗೆ ಕಳಿಸುವುದೆಂದರೆ, ಇಲ್ಲದ ಹುದ್ದೆಗೆ ಅರ್ಜಿ ಹಾಕಿದಂತೆ.

ಮೋರ್‌ಫೀಲ್ಡ್ ಅರ್ಜಿಯ ವಿಳಾಸವನ್ನೇ ಬದಲಿಸಿದ. ಧಣಿಯನ್ನು ಹುಡುಕುವುದು ಬಿಟ್ಟು ಮನೆಯವರನ್ನು ಹುಡುಕಿದ. ಅವನ ಬೋರ್ಡು ಚಾರ್ಲ್ಸ್ ಶುಲ್ಜ್‌ರ ‘ಪೀನಟ್ಸ್’ ಕಾರ್ಟೂನಿನಿಂದ ಬಂದದ್ದು. ಅದರಲ್ಲಿ ಲೂಸಿ ಎಂಬ ಹುಡುಗಿ 1959ರಿಂದ ಇಂಥದೇ ಗೂಡಿನಲ್ಲಿ ಕೂತು ಐದು ಸೆಂಟಿಗೆ ಮನೋವೈದ್ಯೆಯ ಸಲಹೆ ಮಾರುತ್ತಾಳೆ. ಲೂಸಿಯ ಸಲಹೆ ಯಾರಿಗೂ ಉಪಯೋಗಕ್ಕೆ ಬರುವುದಿಲ್ಲ, ತಮಾಷೆ ಇರುವುದೇ ಅಲ್ಲಿ. ಆ ತಮಾಷೆಯನ್ನು ಬೆನ್ನಿಗಿಟ್ಟುಕೊಂಡು ನಿಜವಾಗಿ ಉಪಯೋಗಕ್ಕೆ ಬರುವ ಮಾತು ಹೇಳುವುದು ಒಳ್ಳೆಯ ವಿನ್ಯಾಸ. ಆರ್ಕಿಟೆಕ್ಟ್ ಎಂದರೆ ದುಡ್ಡಿದ್ದವರ ಪೈಕಿ ಎಂದುಕೊಂಡು ದೂರದಿಂದಲೇ ಹೋಗುವವನನ್ನು ಆ ಬೋರ್ಡು ನಗಿಸಿ ನಿಲ್ಲಿಸುತ್ತದೆ. ಅಲ್ಲಿ ಐದು ಸೆಂಟು ಬೆಲೆಯಲ್ಲ, ಸಂಕೋಚ ಕಳೆಯುವ ಉಪಾಯ. ನಿಂತವರಲ್ಲಿ ಕೆಲವರು ಮುಂದೆ ದುಡ್ಡು ಕೊಟ್ಟು ಕೆಲಸ ಮಾಡಿಸಿಕೊಂಡರು.

ಆದರೂ ಇದು ಬಿಟ್ಟಿ ದುಡಿಮೆಯಲ್ಲವೇ? ಹೌದು. ಯಾರಿಗೆ ಬಿಟ್ಟಿ ಎನ್ನುವುದನ್ನು ನೋಡಬೇಕು. 2019ರಲ್ಲಿ ಲಂಡನ್ನಿನ ಸರ್ಪೆಂಟೈನ್ ಗ್ಯಾಲರಿಯ ಪೆವಿಲಿಯನ್ ವಿನ್ಯಾಸ ಜಪಾನಿನ ಜುನ್ಯಾ ಇಶಿಗಾಮಿ ಅವರ ಪಾಲಿಗೆ ಬಂದಾಗ, ಅವರ ಕಚೇರಿಯ ಇಂಟರ್ನ್‌ಶಿಪ್ ಷರತ್ತುಗಳು ಬಯಲಾದವು: ಸಂಬಳವಿಲ್ಲ, ವಾರಕ್ಕೆ ಆರು ದಿನ, ಬೆಳಗ್ಗೆ 11ರಿಂದ ನಡುರಾತ್ರಿವರೆಗೆ ಕೆಲಸ, ಕಂಪ್ಯೂಟರೂ ನಿಮ್ಮದೇ. ಗದ್ದಲವೆದ್ದು, ಪೆವಿಲಿಯನ್ನಿಗೆ ದುಡಿಯುವ ಎಲ್ಲರಿಗೂ ಸಂಬಳ ಕೊಡಲೇಬೇಕೆಂದು ಗ್ಯಾಲರಿ ಹೇಳಬೇಕಾಯಿತು. ಅಂಥ ಕಡೆ ದುಡಿದವನಿಗೆ ಉಳಿಯುವುದು ಬಯೋಡೇಟಾದಲ್ಲಿ ಒಂದು ಸಾಲು. ಗಿರಾಕಿಯ ಪರಿಚಯ, ಹೆಸರು ಎಲ್ಲ ಕಚೇರಿಗೆ. ಗೂಡಂಗಡಿಯಲ್ಲಿ ಗಿರಾಕಿಯ ಫೋನ್ ನಂಬರು ಹುಡುಗನ ಹತ್ತಿರವೇ ಉಳಿಯಿತು. ಎರಡೂ ಬಿಟ್ಟಿಯೇ ಆದರೂ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಅನ್ಯಾಯ.

ಕೊರತೆ ಇರುವುದು ಬೇರೆ ಕಡೆ. ಒಂದು ಊರಿಗೆ ಇಂಥ ಒಂದು ಅಂಗಡಿಯಾದರೆ ಸುದ್ದಿ, ಹತ್ತಾದರೆ ಪೈಪೋಟಿ. ಶೇ 13.9ರ ಕಥೆಯನ್ನು ಒಬ್ಬನ ಜಾಣತನ ಬದಲಿಸುವುದಿಲ್ಲ. ‘ನೀನೂ ಹಾಗೆ ಮಾಡು’ ಎನ್ನುವ ಹಿರಿಯರು ಮಾರುಕಟ್ಟೆಯ ತಪ್ಪನ್ನು ಹುಡುಗರ ತಲೆಗೆ ಕಟ್ಟುತ್ತಿದ್ದಾರೆ. ಇನ್ನೊಂದು, ‘ಈ ಗೋಡೆ ಒಡೆಯಬಹುದಾ’ ಎಂಬ ಪ್ರಶ್ನೆಗೆ ಗೋಡೆ ನೋಡದೆ ಉತ್ತರ ಹೇಳುವಂತಿಲ್ಲ. ಈ ವಿಷಯದಲ್ಲಿ ಬ್ರಿಟನ್ನಿನ ‘ಆರ್ಕಿಟೆಕ್ಟ್ ಇನ್ ದ ಹೌಸ್’ ಯೋಜನೆ ಮೇಲು. ಅಲ್ಲಿನ ಆರ್ಕಿಟೆಕ್ಟರ ಸಂಸ್ಥೆಯೂ ಮನೆಯಿಲ್ಲದವರಿಗಾಗಿ ದುಡಿಯುವ ಶೆಲ್ಟರ್ ಸಂಸ್ಥೆಯೂ ಕೂಡಿ ನಡೆಸಿದ್ದು. ಶೆಲ್ಟರ್‌ಗೆ ದೇಣಿಗೆ ಕೊಟ್ಟರೆ ಆರ್ಕಿಟೆಕ್ಟ್ ಮನೆಗೇ ಬಂದು ಒಂದು ಗಂಟೆ ಕೂತು ಹೇಳುತ್ತಿದ್ದರು. ಸುದ್ದಿ ಕಡಿಮೆ, ಕೆಲಸ ಗಟ್ಟಿ.

ಈ ಗೂಡಂಗಡಿಯನ್ನು ಬೆಂಗಳೂರಿನ ಗಾಂಧಿ ಬಜಾರಿಗೆ ತಂದರೆ? ಅಮೆರಿಕದಲ್ಲಿ ಅದಕ್ಕೆ ದಾರಿ ಮೊದಲೇ ಸಲೀಸಾಗಿತ್ತು. ಶುಲ್ಕದಲ್ಲಿ ರಿಯಾಯಿತಿ ಕೊಡುವುದನ್ನಾಗಲಿ, ಬಿಟ್ಟಿ ಸೇವೆ ಕೊಡುವುದನ್ನಾಗಲಿ ತಡೆಯುವುದಿಲ್ಲವೆಂದು ಅಲ್ಲಿನ ಆರ್ಕಿಟೆಕ್ಟರ ಸಂಸ್ಥೆ 1990ರಲ್ಲೇ ಸರ್ಕಾರದೊಂದಿಗೆ ಒಪ್ಪಂದಕ್ಕೆ ಬರಬೇಕಾಗಿತ್ತು. ನಮ್ಮಲ್ಲಿ ಉಲ್ಟಾ. 1972ರ ಆರ್ಕಿಟೆಕ್ಟ್ಸ್ ಕಾಯ್ದೆಯಡಿ ನೋಂದಾಯಿಸಿಕೊಂಡವರು 1989ರ ವೃತ್ತಿ ನಡವಳಿಕೆ ನಿಯಮಗಳ ಪ್ರಕಾರ ತಮ್ಮ ಸೇವೆಯ ಜಾಹೀರಾತು ಮಾಡುವಂತಿಲ್ಲ. ಆ ಕಾಯ್ದೆಯಡಿಯ ಕೌನ್ಸಿಲ್ ಹೇಳಿದ ಶುಲ್ಕದ ಪಟ್ಟಿಯನ್ನೂ ಪಾಲಿಸಬೇಕು. ಇನ್ನು 2020ರ ಮಾರ್ಚಿನಲ್ಲಿ, ನೋಯ್ಡಾದ ಒಂದು ಹುದ್ದೆಯ ತಕರಾರಿನಲ್ಲಿ, ಸುಪ್ರೀಂ ಕೋರ್ಟ್ ಹೇಳಿದ್ದು: ಕಾಯ್ದೆ ಕಾಪಾಡುವುದು ‘ಆರ್ಕಿಟೆಕ್ಟ್’ ಎಂಬ ಹೆಸರನ್ನು, ಕಟ್ಟಡ ವಿನ್ಯಾಸ ಮಾಡುವ ಕೆಲಸವನ್ನಲ್ಲ. ಎರಡನ್ನೂ ಕೂಡಿಸಿ ಓದಿದರೆ ಸಿಗುವ ಫಲ ಸ್ವಾರಸ್ಯವಾಗಿದೆ. ಐದು ವರ್ಷ ಓದಿ ನೋಂದಾಯಿಸಿಕೊಂಡವಳು ಬೋರ್ಡು ಹಿಡಿದು ಸಂತೆಯಲ್ಲಿ ಕೂರುವಂತಿಲ್ಲ. ಓದದವನು ಆ ಹೆಸರೊಂದನ್ನು ಬಿಟ್ಟು ‘ಪ್ಲಾನ್, ಎಲಿವೇಷನ್, ಸ್ಯಾಂಕ್ಷನ್’ ಎಂದು ಬೋರ್ಡು ತೂಗುಹಾಕಬಹುದು.

ನಮ್ಮಲ್ಲಿ ಪ್ಲಾನಿಗೆ ಐದು ಪೈಸೆಯೂ ಇಲ್ಲದಿರುವುದು ಇನ್ನೊಂದು ತೊಡಕು. ‘ಕಟ್ಟೋ ಕೆಲಸ ನಮಗೇ ಕೊಡಿ ಸಾರ್, ಪ್ಲಾನು ನಾವೇ ಹಾಕಿಸ್ಕೊಡ್ತೀವಿ’ ಎನ್ನುವ ಕಂಟ್ರಾಕ್ಟರ್ ಅದರ ಖರ್ಚನ್ನು ಚದರಡಿ ರೇಟಿನಲ್ಲಿ ಸೇರಿಸಿಬಿಟ್ಟಿರುತ್ತಾನೆ. ಅದರ ಫಲ ಬೇಕಾದರೆ 30x40 ಸೈಟಿನ ಎಷ್ಟೋ ಮನೆಗಳಲ್ಲಿ ನೋಡಬಹುದು. ಎರಡೂ ಪಕ್ಕ ಕಾಂಪೌಂಡಿನವರೆಗೆ ಗೋಡೆ. ಹಾಗಾಗಿ ನಡುಮನೆಯಲ್ಲಿ ಹಾಡಹಗಲೇ ಟ್ಯೂಬ್‌ಲೈಟು. ಮೆಟ್ಟಿಲ ಕೆಳಗೆ ತುರುಕಿದ ಟಾಯ್ಲೆಟ್ಟಿನಲ್ಲಿ ನೆಟ್ಟಗೆ ನಿಲ್ಲಲು ಆಗುವುದಿಲ್ಲ. ಸಂಪು ಗೇಟಿನೊಳಗೆ ಕಾರು ನಿಲ್ಲುವ ಕಡೆಯೇ ಇರುವುದರಿಂದ ಮುಚ್ಚಳ ತೆಗೆಯಬೇಕಾದರೆ ಮೊದಲು ಕಾರು ಆಚೆ ತೆಗೆಯಬೇಕು. ಪಾಯ ತೋಡುವ ಮುಂಚೆ ತಿಳಿದವರೊಬ್ಬರು ಅರ್ಧ ಗಂಟೆ ಕೂತು ನೋಡಿದ್ದರೆ ಮೂರೂ ತಪ್ಪುತ್ತಿದ್ದವು. ಹೀಗೆ ನೋಡಿ ಹೇಳಲು ಹೊಸಬರಿಗೂ ಬರುತ್ತದೆ, ಮನೆಯವರು ಅದಕ್ಕೆ ಕಾಸು ಕೊಡಲು ಹಿಂಜರಿಯಲಾರರು.

ನಿಯಮ ಕಟ್ಟಿಹಾಕುವುದು ನೋಂದಾಯಿತರನ್ನು. ಆರ್ಕಿಟೆಕ್ಚರ್ ಕಾಲೇಜಿನ ಕೊನೆಯ ವರ್ಷದವರು ಇನ್ನೂ ನೋಂದಾಯಿತರಲ್ಲ. ಕಾಲೇಜೇ ಒಂದು ಮೇಜು ಹಾಕಿ, ಮೇಷ್ಟರೊಬ್ಬರನ್ನು ಜೊತೆಗೆ ಕೂರಿಸಿ, ಬ್ರಿಟನ್ನಿನ ಕ್ರಮದಂತೆ ಸೈಟಿಗೇ ಹೋಗಿ ನೋಡುವ ಏರ್ಪಾಡು ಮಾಡಿದರೆ ಮೋರ್‌ಫೀಲ್ಡ್‌ನ ಉಪಾಯದ ಒಳ್ಳೆಯ ಭಾಗ ಇಲ್ಲಿಗೂ ಬರುತ್ತದೆ. ಬೆಟ್ಟದ ತುದಿಯ ಮ್ಯೂಸಿಯಮ್ಮಿನ ಬಣ್ಣದ ಚಿತ್ರ ತುಂಬಿದ ಪೋರ್ಟ್‌ಫೋಲಿಯೊದಲ್ಲಿ, ಯಲಹಂಕದ ಯಾವುದೋ ಮನೆಯ ಮೆಟ್ಟಿಲನ್ನು ಒಂಬತ್ತು ಇಂಚು ಸರಿಸಿದ ನಕ್ಷೆಯೂ ಒಂದಿರಲಿ. ಸಂದರ್ಶನದಲ್ಲಿ ಕೇಳಲು ಹಿರಿಯ ಆರ್ಕಿಟೆಕ್ಟರಿಗೆ ಆ ಹಾಳೆಯಲ್ಲೇ ಹೆಚ್ಚು ಪ್ರಶ್ನೆ ಸಿಕ್ಕಾವು.