ಮೂವತ್ತರ ಆಚೆಗಿನ ಓಟ

ಮೈಸೂರಿನ ಯಾದವಗಿರಿಯಲ್ಲಿ ಓಡಿ ಕಾಲು ಪಳಗಿಸಿಕೊಂಡವರಿಗೆ ಏರು ಹೊಸದಲ್ಲ. ಆಕಾಶವಾಣಿಯ ಆಸುಪಾಸು, ಆರ್.ಕೆ. ನಾರಾಯಣ್ ಅವರ ಮನೆಯ ಮುಂದಿನ ದಾರಿ, ಅಲ್ಲಿಂದ ಕುಕ್ಕರಹಳ್ಳಿ ಕೆರೆ ಏರಿ. ದಿನದ ಅಭ್ಯಾಸಕ್ಕೆ ಇಷ್ಟು ಸಾಕು. ಆದರೆ 42.195 ಕಿಲೋಮೀಟರಿನ ಮ್ಯಾರಥಾನ್ ಮಾತೇ ಬೇರೆ. ಮೂವತ್ತು ದಾಟುತ್ತಿದ್ದಂತೆ ಸ್ನಾಯುಗಳಲ್ಲಿ ಕೂಡಿಟ್ಟ ಗ್ಲೈಕೋಜನ್ ಬರಿದಾಗುತ್ತ ಬರುತ್ತದೆ; ತೊಡೆ ಬಿಗಿಯುತ್ತದೆ, ಕೆನ್ನೆಯ ಮೇಲೆ ಒಣಗಿದ ಬೆವರಿನ ಉಪ್ಪು ಬೆರಳಿಗೆ ತರಿತರಿಯಾಗಿ ಹತ್ತುತ್ತದೆ. ಆಗ ದಾರಿಬದಿಯಲ್ಲಿ ಯಾರೋ ಕೈಗಿಡುವ ಕಿತ್ತಳೆ ತೊಳೆ ಇದೆಯಲ್ಲ, ಅದರ ರಸ ಹೊಟ್ಟೆಗಿಳಿಯುವ ಮೊದಲೇ, ನಾಲಗೆಗೆ ತಾಗಿದ್ದೇ ತಡ, ಕಾಲಿಗೆ ಜೀವ ಬರುತ್ತದೆ!

ಅಂಥ ಹೊತ್ತಿನಲ್ಲಿ ನನಗೆ ನೆನಪಾಗುವವರು ಬೆಳಗಾವಿಯ ಫಡೆಪ್ಪ ಚೌಗುಲೆ. 1920ರ ಆಂಟ್‌ವರ್ಪ್ ಒಲಿಂಪಿಕ್ಸ್‌ನ ಮ್ಯಾರಥಾನ್‌ನಲ್ಲಿ ಅವರು 19ನೆಯವರಾಗಿ ಗುರಿ ಮುಟ್ಟಿದರು. ಅಂದಿನ ದಾರಿ 42.75 ಕಿಲೋಮೀಟರ್, ಇಂದಿನದಕ್ಕಿಂತ ಅರ್ಧ ಕಿಲೋಮೀಟರಿಗೂ ಹೆಚ್ಚು. ನಮ್ಮ ಶಾಲಾಮಕ್ಕಳಿಗೆಲ್ಲ ಗೊತ್ತಿರಬೇಕಾದ ಹೆಸರಿದು.

ಮ್ಯಾರಥಾನ್ ನನಗೆ ಇಷ್ಟವಾಗುವುದು ಇದಕ್ಕೇ: ಗೆದ್ದವರು ಓಡಿದ ರಸ್ತೆಯಲ್ಲೇ, ಅಷ್ಟೇ ದೂರವನ್ನು, ಕೆಲಸ ಮುಗಿಸಿ ಅಭ್ಯಾಸ ಮಾಡಿದ ಗುಮಾಸ್ತರೂ ಮೇಷ್ಟ್ರೂ ಐದು ಗಂಟೆ ಹಿಡಿದರೂ ಸರಿ, ಓಡಿ ಮುಗಿಸಬಹುದು. ಬೇರೆ ಯಾವ ಆಟ ಹವ್ಯಾಸಿಗೆ ಇಷ್ಟು ಗೌರವ ಕೊಡುತ್ತದೆ?